ಮೈಸೂರು ಹಡಗಿಗೊಂದು ನ್ಯಾಯ, ನನ್ನ ಮಗನಿಗೊಂದು

ಅಪ್ಪಯ್ಯ,

ನೀನು ಹೋಗಿ ವರ್ಷ ಕಳೆದರೂ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅಂತ ಅವ್ವ ಬೈಯುತ್ತಾಳೆ. ಇಟ್ಟುಕೊಳ್ಳದೆ ಏನು ಮಾಡಲಿ?

ಕೊಬ್ಬರಿ ಸುಲಿಸುತ್ತಾ ಕೂತಾಗಲೆಲ್ಲ ನಿನ್ನ ನೇವಿಯ ಕಥೆ ಶುರುವಾಗುತ್ತಿತ್ತು. ನೀನು ದುಡಿದ ‘ಮೈಸೂರು’ ಹಡಗು ಬ್ರಿಟಿಷರಿಂದ ಕೊಂಡದ್ದು, ಮೊದಲು ಅದಕ್ಕೆ ಬೇರೆ ಹೆಸರಿತ್ತು ಅನ್ನುತ್ತಿದ್ದೆ. ಅದು ಹುಟ್ಟಿದ್ದು ಎಲ್ಲೋ, ಮೈಸೂರಿನ ಮಣ್ಣು ಕಂಡದ್ದಿಲ್ಲ. ಆದರೂ ಆ ಹೆಸರು ಹೇಳುವಾಗ ನಿನ್ನ ಎದೆ ಉಬ್ಬುತ್ತಿತ್ತು. ಹಡಗು ಗುಜರಿಗೆ ಹೋದರೂ ಹೆಸರು ಸಾಯುವುದಿಲ್ಲ, ಮುಂದಿನ ಹಡಗಿಗೆ ಇಡುತ್ತಾರೆ ಅಂತ ನಮಗೆಲ್ಲ ಹೇಳಿಕೊಟ್ಟವನು ನೀನೇ.

ನನ್ನ ಮಗ ಹುಟ್ಟಿದ್ದು ನೊಣವಿನಕೆರೆಯ ಇದೇ ಮನೆಯಲ್ಲಿ. ಅವನಿಗೆ ನಿನ್ನ ಹೆಸರಿಡುತ್ತೇನೆ ಅಂದೆ. ಬದುಕಿರುವವರ ಹೆಸರು ಬೇಡ ಅಂದಿದ್ದರೆ ಸುಮ್ಮನಾಗುತ್ತಿದ್ದೆ. ನೀನು ಅಂದದ್ದೇನು?

“ಅದು ನಿನ್ ತಮ್ಮನ ಮಗೀಗೆ ಇರ್ಲಿ ಕಣವ್ವ. ನೀನು ಬೇರೆ ಮನೆಯೋಳು.”

ಆಗ ತಮ್ಮನಿಗೆ ಹೆಣ್ಣೂ ನೋಡಿರಲಿಲ್ಲ. ನೀನು ಹುಟ್ಟದ ಮಗುವಿಗೆ ಹೆಸರು ಎತ್ತಿಟ್ಟೆ, ತೊಡೆಯ ಮೇಲೆ ಮಲಗಿದ್ದವನಿಗೆ ಕೊಡಲಿಲ್ಲ. ಬ್ರಿಟಿಷರ ಹಡಗು ನಮ್ಮದಾಗಬಹುದು, ಮಗಳ ಮಗ ಮಾತ್ರ... ಅವನನ್ನು ಪ್ರಕಾಶ ಅಂತ ಕರೆದೆವು.

ನಿನ್ನ ಹಡಗನ್ನು ಕೆಲಸದಿಂದ ಬಿಡಿಸಿದರಂತೆ, ಮೊನ್ನೆ ರೇಡಿಯೋದಲ್ಲಿ ಬಂತು. ನೀನಿದ್ದಿದ್ದರೆ ಎರಡು ದಿನ ಊಟ ಬಿಡುತ್ತಿದ್ದೆ.

ಇವತ್ತು ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕಿದರು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ನಿನ್ನ ಹೆಸರು ಬೇರೆ ಮನೆಯವಳ ಬಾಯಿಂದಲೇ ದಾಟಬೇಕು ಅನ್ನುವುದು ನಿನಗೆ ಹೊಳೆದಿರಲಿಲ್ಲವೇ? ಹೆಂಗಸರೆಲ್ಲ ಸುತ್ತ ನಿಂತಿದ್ದರು. ನಾನು ತೊಟ್ಟಿಲಿಗೆ ಬಗ್ಗಲಿಲ್ಲ. ಪಕ್ಕದಲ್ಲಿದ್ದ ಪ್ರಕಾಶನನ್ನು ಎಳೆದುಕೊಂಡು ಅವನ ಕಿವಿಯಲ್ಲಿ ಮೂರು ಸಲ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ: ಮರುಳಸಿದ್ದಪ್ಪ.

ತಮ್ಮನ ಮುಖ ಕೆಂಪಾಯಿತು. “ಏನಕ್ಕ ಇದು? ಅವನಿಗೆ ಹೆಸರಿಲ್ವಾ?”

“ಇತ್ತು. ಇವತ್ತಿಂದ ಇದೇ ಕಣಪ್ಪ.”

ಆಮೇಲೆ ತೊಟ್ಟಿಲಿಗೆ ಬಗ್ಗಿ ಆ ಕೂಸಿಗೂ ಅದನ್ನೇ ಹೇಳಿದೆ. ಅದೇನು ತಪ್ಪು ಮಾಡಿದೆ, ಪಾಪ. ಗಂಡನ ಹೆಸರು ಅವ್ವ ಹೇಳುವ ಹಾಗಿಲ್ಲವಲ್ಲ. ಇಬ್ಬರು ಹುಡುಗರ ಬಾಯಿಗೂ ಸಕ್ಕರೆ ಹಾಕಿದಳು.

ಸೋಮವಾರ ಶಾಲೆಗೆ ಹೋಗಿ ನನ್ನ ಮಗನಿಗೆ ನಿನ್ನ ಹೆಸರು ಬರೆಸುತ್ತೇನೆ. ಬೇಡ ಅನ್ನುವುದಿದ್ದರೆ ಎದ್ದು ಬಂದು ಹೇಳು, ಅಪ್ಪಯ್ಯ.

ನಿನ್ನ ಮಗಳು,
ಗೌರಿ