ಮೊಟ್ಟೆಯಿದ್ದವನ್ನು ತೊರೆಗೇ ಬಿಟ್ಟೆವು

ಅಂಬೂದಿರಾನು ಊರಿನಿಂದ

ಹೋಟೆಲಿನ ಯಜಮಾನರಾದ ರಜಾಫಿ ಅವರಿಗೆ ವುಲಾಸುವಾ ಮಾಡುವ ನಮಸ್ಕಾರಗಳು.

ನಿಮ್ಮ ಮಗಳ ಮದುವೆ ಚೆನ್ನಾಗಿ ನಡೆಯಿತೆಂದು ಕೇಳಿ ಸಂತೋಷವಾಯಿತು. ನಮ್ಮ ಶಾಲೆಯ ಮಾಡಿಗೆ ತಗಡು ಕೊಡುವ ಮಾತಿನ ಮೇಲೆ ಆ ಊಟಕ್ಕೆ ನೀವು ಕೇಳಿದ್ದು ಎರಡು ಬುಟ್ಟಿ ಸೀಗಡಿ; ನಾವು ಕಳಿಸಿದ್ದು ಒಂದೇ. ಏಡಿಯಂತೆ ಇಕ್ಕುಳವಿರುವ ಈ ಸೀಗಡಿ ನಮ್ಮ ಮಡಗಾಸ್ಕರಿನ ಬೆಟ್ಟದ ತೊರೆಗಳನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಹುಟ್ಟುವುದಿಲ್ಲ. ಮೊಟ್ಟೆ ಹೊತ್ತ ಹೆಣ್ಣುಗಳನ್ನೆಲ್ಲ ನಮ್ಮತ್ತೆ ರಜಾನಾ ನಿಮ್ಮ ಡ್ರೈವರ್ ಫನೇವಾನ ಕಣ್ಣೆದುರೇ ನೀರಿಗೆ ಬಿಟ್ಟರು.

"ಅಜ್ಜಿ, ತಲೆ ಕೆಟ್ಟಿದ್ಯಾ? ಯಜಮಾನ್ರಿಗೆ ಮೊಟ್ಟೆ ಇರೋವೇ ಬೇಕು! ಬುಟ್ಟಿ ತುಂಬ್ಲಿಲ್ಲ ಅಂದ್ರೆ ನಿಮ್ಮ ಶಾಲೆಗೆ ತಗಡೂ ಇಲ್ಲ, ತಿಳ್ಕೋ" ಎಂದ ಅವನು.

"ಬಸುರೀನ ಕೊಂದು ಯಾರಾದ್ರೂ ಮದುವೆ ಊಟ ಹಾಕ್ತಾರೇನೋ ಮಗಾ?" ಎಂದರು ಅತ್ತೆ. "ಆ ತಗಡು ನೀನೇ ಹೊದ್ಕೊಂಡು ಮಲ್ಕೋ, ಹೋಗು."

ಅವನಿಗೇ ನಗು ತಡೆಯಲಾಗಲಿಲ್ಲ. ಆದರೆ ತಗಡು ಬರಲಿಲ್ಲ. ಚಂಡಮಾರುತಕ್ಕೆ ಹಾರಿಹೋಗಿದ್ದ ಶಾಲೆಯ ಮಾಡನ್ನು ಊರವರೆಲ್ಲ ಸೇರಿ ಕಾಡಿನ ಎಲೆ ತಂದು ಹೊದಿಸಿದೆವು. ಈ ವಯಸ್ಸಿನಲ್ಲಿ ಏಣಿ ಬೇಡವೆಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ, ಹತ್ತಿಯೇ ಬಿಟ್ಟರು. ನಿನ್ನೆ ಜೋರು ಮಳೆ ಬಂತು. ಮಕ್ಕಳು ಪಾಠ ನಿಲ್ಲಿಸಿ ಮೇಲೆ ನೋಡುತ್ತ ಕೂತರು. ಒಂದು ಹನಿಯೂ ಒಳಗೆ ಬೀಳಲಿಲ್ಲ.

ಆದ್ದರಿಂದ ಇನ್ನು ತಗಡು ಕಳಿಸುವುದು ಬೇಡ. ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಒಮ್ಮೆ ಬನ್ನಿ, ಅತ್ತೆ ಅನ್ನ ಸೀಗಡಿ ಬಡಿಸುತ್ತಾರೆ. ಶಾಲೆಯನ್ನೂ ನೋಡಿಕೊಂಡು ಹೋಗಿ. ಮಾಡು ಸ್ವಲ್ಪ ತಗ್ಗಾಗಿದೆ. ಒಳಗೆ ಬರುವಾಗ ತಾವು ತಲೆ ಬಗ್ಗಿಸಬೇಕಾಗುತ್ತದೆ.

ಇಂತಿ,
ರಜಾನಾ ಅವರ ಸೊಸೆ
ವುಲಾಸುವಾ