ಫ್ಲ್ಯಾಟಿನ ಜೊತೆಗೆ ನಾನೂ

ಲುಸೈಲ್, ದೋಹಾ
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಪೂವಕ್ಕನಿಗೆ ನಿನ್ನ ತಂಗಿ ನಿಮ್ಮಿಯ ನಮಸ್ಕಾರ.

ನನ್ನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ಸಾಮಾನಿನ ಚೀಟಿ ಬರೆಯಲಿಕ್ಕೆ ಮಾತ್ರ. ಒತ್ತು, ದೀರ್ಘ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು, ಬೇರೆಯವರಿಂದ ಓದಿಸಬೇಡ. ಇಷ್ಟು ದಿನ ಸುಮ್ಮನಿದ್ದದ್ದಕ್ಕೂ ಬೇಜಾರು ಮಾಡಬೇಡ. ವಾಯ್ಸ್ ಕಳಿಸಿದರೆ ನೀನು ಸ್ಪೀಕರ್ ಹಾಕಿ ಅಂಗಳದಲ್ಲಿರುವ ಎಲ್ಲರಿಗೂ ಕೇಳಿಸುತ್ತೀಯ. ಫೋನ್ ಮಾಡಿದರೆ ನನಗೆ ಮಾತೇ ಬರುವುದಿಲ್ಲ, 'ಹೂಂ, ಆಯ್ತು' ಅಂತ ಇಟ್ಟುಬಿಡುತ್ತೇನೆ. ಬಿನ್ ಮಹಮೂದ್ ಏರಿಯಾದ ಹಳೆಯ ಮನೆಯಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿದ್ದ ಪಕೀರಬ್ಬಾಕ ರಜೆಯಲ್ಲಿ ಊರಿಗೆ ಹೊರಟಿದ್ದಾರೆ. ಈ ಕಾಗದ ಅವರ ಕೈಯಲ್ಲಿ ಬರುತ್ತದೆ. ನನ್ನ ಮೋಕ್ಷಾಳಿಗೆ ಬಣ್ಣದ ಪೆನ್ಸಿಲ್ ಇಟ್ಟಿದ್ದೇನೆ. ಖರ್ಜೂರ ಎಲ್ಲರಿಗೂ.

ಮೋಕ್ಷಾಳ ಕೆಮ್ಮು ಕಡಿಮೆಯಾಯಿತಾ? ಮುಂದಿನ ಹಲ್ಲು ಬಿದ್ದದ್ದು ಫೋಟೋದಲ್ಲಿ ನೋಡಿ ಒಬ್ಬಳೇ ನಕ್ಕೆ. ಅವಳ ಅಪ್ಪ ಬಿಟ್ಟು ಹೋದ ವರ್ಷ ಮೊಲೆ ಬಿಡಿಸಿ ಅವಳನ್ನು ನಿನ್ನ ಕೈಗೆ ಕೊಟ್ಟು ಬಂದವಳು ನಾನು. ನನ್ನ ಕಣ್ಣಿಗೆ ಅವಳು ಇನ್ನೂ ಅಷ್ಟೇ ಸಣ್ಣವಳು.

ಇಲ್ಲಿಯ ಸುದ್ದಿ ನಿನಗೆ ಅರ್ಧ ಗೊತ್ತುಂಟು. ನಾನು ಕೆಲಸಕ್ಕಿರುವ ಮನೆಯ ಹೆನ್ರಿ ಸರ್‌ಗೆ ಮೆಸಯೀದಿನ ಕಾರ್ಖಾನೆಯ ಕೆಲಸ ಮುಗಿಯಿತು. ಅವರೂ ಪರ್ಪೆಚುವಾ ಬಾಯಮ್ಮನೂ ಕ್ರಿಸ್ಮಸ್‌ಗೆ ಮೊದಲು ಶಿರ್ವಕ್ಕೆ ಹೋಗಿ ಅಲ್ಲೇ ನೆಲೆಸುತ್ತಾರೆ. ಈ ಲುಸೈಲಿನ ಫ್ಲ್ಯಾಟ್ ಅವರ ಸ್ವಂತದ್ದು. ಮಾರುವುದು ಬೇಡ, ಬಾಡಿಗೆಗೆ ಕೊಡುವ ಅಂತ ಏಜೆಂಟ್ ಫ್ಲಾಯ್ಡ್‌ಗೆ ಒಪ್ಪಿಸಿದರು. 'ಎಲ್ಲರೂ ಒಟ್ಟಿಗೆ ಹೋಗುವ ನಿಮ್ಮಿ' ಅಂತ ಬಾಯಮ್ಮ ಚೌತಿ ಸಮಯದಲ್ಲೇ ಹೇಳಿದ್ದರು. ನಾನು ಆಗಿನಿಂದಲೇ ಬ್ಯಾಗಿನ ಝಿಪ್ ಸರಿ ಮಾಡಿಸಿ ಇಟ್ಟಿದ್ದೆ.

ಫ್ಲಾಯ್ಡ್ ಮಂಗಳೂರಿನವನು. ನಗುನಗುತ್ತಾ ಬರುತ್ತಾನೆ, ಎಲ್ಲರನ್ನೂ ಸಿಸ್ಟರ್ ಅನ್ನುತ್ತಾನೆ. ಮೊದಲ ದಿನ ಕೋಣೆಗಳ ಫೋಟೋ ತೆಗೆದ. ಅಡಿಗೆಮನೆಗೆ ಬಂದು, 'ಸಿಸ್ಟರ್, ಒಂದು ಒಳ್ಳೆ ಡ್ರೆಸ್ ಹಾಕಿ ಬನ್ನಿ, ಒಲೆಯ ಹತ್ತಿರ ನಿಲ್ಲಿ, ಸ್ವಲ್ಪ ನಗಾಡಿ' ಅಂದ. ನನಗೆ ನಾಚಿಕೆ. ಆದರೂ ನೀನು ಕಳಿಸಿದ ನೀಲಿ ಚೂಡಿದಾರ ಹಾಕಿ ನಿಂತೆ. ಪಾಪದ ಹುಡುಗಿ, ಹೋಗುವ ಮೊದಲು ಒಂದು ನೆನಪು ಇರಲಿ ಅಂತ ತೆಗೆದ ಅಂದುಕೊಂಡೆ. ಅವನನ್ನು ಕೇಳಿ ನನ್ನ ಫೋನಿಗೆ ಹಾಕಿಸಿಕೊಂಡು ನಿನಗೆ ಕಳಿಸಿದೆನಲ್ಲ, ಅದೇ ಫೋಟೋ. ಮೋಕ್ಷಾಳಿಗೆ ತೋರಿಸಿ 'ಇದು ಅಮ್ಮ' ಅಂತ ಹೇಳು ಅಂದಿದ್ದೆ.

ಆಮೇಲೆ ಮನೆ ನೋಡಲಿಕ್ಕೆ ಜನ ಬರತೊಡಗಿದರು. ನಾನು ಬಾಗಿಲು ತೆಗೆಯುವುದು, ಚಹಾ ಕೊಡುವುದು. ಕಪಾಟು ತೆರೆಯುತ್ತಾರೆ, ನಲ್ಲಿ ಬಿಟ್ಟು ನೋಡುತ್ತಾರೆ, ಏಸಿ ಹಾಕಿ ಕೆಳಗೆ ನಿಲ್ಲುತ್ತಾರೆ. ಕೊನೆಗೆ ನನ್ನ ಕಡೆಯೂ ಒಮ್ಮೆ ನೋಡುತ್ತಾರೆ. ಫ್ಲಾಯ್ಡ್ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾನೆ, ಅವರು ತಲೆ ಆಡಿಸುತ್ತಾರೆ. ಚಹಾ ಚೆನ್ನಾಗಿದೆ ಅನ್ನುತ್ತಿದ್ದಾರೆ ಅಂತ ನಾನೂ ನಗುತ್ತಿದ್ದೆ ಅಕ್ಕ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಳೆದ ಮಂಗಳವಾರ ಝೈನಬ ಅಂತ ಒಬ್ಬರು ಬಂದರು. ಬಂಟ್ವಾಳದ ಕಡೆಯವರು, ಸಣ್ಣ ಎರಡು ಮಕ್ಕಳು. ನನ್ನ ಕೋಣೆಗೂ ಬಂದು ನೋಡಿದರು. ಆ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ.

'ಇಷ್ಟು ಸಣ್ಣದರಲ್ಲಿ ಹೇಗೆ ಮಲಗ್ತೀ ಮಾರಾಯ್ತಿ? ಮಕ್ಕಳನ್ನು ನೋಡಿಕೊಂಡು ಅಭ್ಯಾಸ ಉಂಟಾ? ನನ್ನ ಚಿಕ್ಕವ ಸ್ವಲ್ಪ ಪೋಕ್ರಿ' ಅಂದರು.

ನಾನು, 'ಇಲ್ಲ ಬಾಯಿ, ನಾನು ಮುಂದಿನ ತಿಂಗಳು ಊರಿಗೆ ಹೋಗುತ್ತೇನೆ. ನನಗೂ ಮಗಳಿದ್ದಾಳೆ' ಅಂದೆ.

ಅವರು ಫ್ಲಾಯ್ಡ್ ಕಡೆ ತಿರುಗಿದರು. 'ಇದೆಂಥದು? ಹುಡುಗಿ ಊರಿಗೆ ಹೋಗ್ತೇನೆ ಅಂತಾಳೆ. ನೀವು ಜಾಹೀರಾತಿನಲ್ಲಿ ಹೀಗೆ ಹಾಕಿದ್ದೀರಲ್ಲ!' ಅಂತ ಫೋನ್ ತೆಗೆದು ಓದಿ ಹೇಳಿದರು. ಎರಡು ಬೆಡ್‌ರೂಮ್, ಸಮುದ್ರ ಕಾಣುವ ಬಾಲ್ಕನಿ, ಸೋಫಾ, ದೊಡ್ಡ ಫ್ರಿಜ್, ವಾಷಿಂಗ್ ಮಷಿನ್, ನಂಬಿಕೆಯ ಕೆಲಸದವಳು. ಕೆಳಗೆ ನಾನು. ನೀಲಿ ಚೂಡಿದಾರದಲ್ಲಿ, ನಗುತ್ತಾ.

ಫ್ಲಾಯ್ಡ್, 'ಅರೆ ಸಿಸ್ಟರ್, ಬಾಯಮ್ಮ ಹೇಳಲಿಲ್ಲವಾ? ಮೆಯ್ಡ್ ಇದ್ದರೆ ಫ್ಯಾಮಿಲಿ ಬೇಗ ಸಿಗುತ್ತದೆ. ವೀಸಾ ಚೇಂಜ್, ಖಲಾಸ್' ಅಂದ. ಝೈನಬ ಬಾಯಿ ಮಕ್ಕಳ ಕೈ ಹಿಡಿದು, 'ಅವಳನ್ನೇ ಕೇಳದೆ ಕೊಟ್ಟ ಜನ ನಮಗೆ ಬೇಡ' ಅಂತ ಹೇಳಿ ಲಿಫ್ಟಿಗೆ ಹೋದರು. ಚಹಾ ಕುಡಿಯಲೇ ಇಲ್ಲ. ನಾನು ಟ್ರೇ ಹಿಡಿದುಕೊಂಡೇ ನಿಂತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆ ಚಹಾವನ್ನೆಲ್ಲ ಸಿಂಕಿಗೆ ಚೆಲ್ಲಿದೆ.

ಪಕೀರಬ್ಬಾಕನಿಗೆ ಫೋನ್ ಮಾಡಿ ಹೇಗೋ ಹೇಳಿದೆ. 'ನೀನು ಸೋಫಾ ಅಲ್ಲ ಮೋಳೆ, ಮಗಳೇ. ನೀನು ಒಪ್ಪದೆ ಯಾರೂ ನಿನ್ನನ್ನು ಬೇರೆ ಮನೆಗೆ ಹಾಕಲಿಕ್ಕಾಗುವುದಿಲ್ಲ. ಬೇಡ ಅಂತ ಬಾಯಿ ಬಿಟ್ಟು ಹೇಳು' ಅಂದರು. ಬಾಯಿ ಬಿಡುವುದೇ ನನಗೆ ಕಷ್ಟ ಅಂತ ಅವರಿಗೇನು ಗೊತ್ತು. ಆದರೂ ಆ ಸಂಜೆ ಬಾಯಮ್ಮನಿಗೆ, ಬೇರೆ ಮನೆ ಬೇಡ, ಊರಿಗೇ ಹೋಗುತ್ತೇನೆ ಅಂತ ಹೇಳಿದೆ. ಅವರು ಅತ್ತರು. ಕೆಟ್ಟವರಲ್ಲ ಅಕ್ಕ, ನನಗೆ ಜ್ವರ ಬಂದಾಗ ಗಂಜಿ ಕುಡಿಸಿದವರು. 'ನಿನಗೆ ಒಂದು ದಾರಿಯಾಗಲಿ ಅಂತ ಮಾಡಿದ್ದು' ಅಂದರು. ಇನ್ನೂ ಒಂದು ಮಾತು ಹೇಳಿದರು. ಅದು ಆಮೇಲೆ.

ಭಾವನಿಗೆ ಕೇಳಿದೆ ಅಂತ ಹೇಳು. ನಿನ್ನ ಸೊಂಟ ನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು. ದೈವಗಳು ನಿಮ್ಮನ್ನೆಲ್ಲ ಕಾಯಲಿ. ಮೋಕ್ಷಾಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು, ನಿನ್ನದಲ್ಲ, ನನ್ನದು ಅಂತ ಹೇಳಿ ಕೊಡು.

ನಿನ್ನ ತಂಗಿ,
ನಿಶ್ಮಿತಾ

ಮರೆತಿದ್ದೆ ಅಂತ ಬರೆಯಬೇಕೆಂದಿದ್ದೆ. ಮರೆತದ್ದಲ್ಲ, ಬರೆಯಲಿಕ್ಕೆ ಕೈ ಬರಲಿಲ್ಲ.

ಬಾಯಮ್ಮ ಹೇಳಿದ ಮಾತು ಇದು: 'ನಿನ್ನ ಅಕ್ಕನನ್ನು ಕೇಳಿಯೇ ಮಾಡಿದ್ದು. “ನಿಮ್ಮಿ ಅಲ್ಲೇ ಇರಲಿ ಬಾಯಮ್ಮ, ಮಗು ನನ್ನನ್ನೇ ಅಮ್ಮ ಅಂತದೆ, ಈಗ ಅವಳು ಬಂದರೆ ಮಗುವಿಗೆ ಗಲಿಬಿಲಿ ಆಗುತ್ತದೆ” ಅಂತ ಅವಳೇ ಅಂದಳು.' ನಾನು ನಂಬಲಿಲ್ಲ. ಬಾಯಮ್ಮ ಫೋನಿನಲ್ಲಿ ನಿನ್ನ ವಾಯ್ಸ್ ಕೇಳಿಸಿದರು. ಅದರಲ್ಲಿ ನಿನ್ನ ಹಿಂದಿನಿಂದ ಮೋಕ್ಷಾ 'ಅಮ್ಮಾ, ನೀರು' ಅಂತ ಕರೆಯುತ್ತಿದ್ದಳು. ನೀನು 'ಬಂದೆ ಮಗಾ' ಅಂದೆ.

ನಾನು ಕಳಿಸುವ ಹಣಕ್ಕಾಗಿ ನೀನು ಒಪ್ಪಿದ್ದರೆ ನನಗೆ ಅರ್ಥವಾಗುತ್ತಿತ್ತು ಅಕ್ಕ. ನನ್ನ ಫೋಟೋ ಅವಳಿಗೆ ತೋರಿಸಿದೆಯಾ? ಏನು ಹೇಳಿ ತೋರಿಸಿದೆ? ನಿನಗೆ ಮಕ್ಕಳಾಗಲಿಲ್ಲ, ಅವಳನ್ನು ಸಾಕಿದ್ದು ನೀನು, ಅದು ಸುಳ್ಳಲ್ಲ. ಅವಳು ನಿನ್ನನ್ನು ಅಮ್ಮ ಅನ್ನಲಿ. ನನ್ನನ್ನು ಏನು ಬೇಕಾದರೂ ಅನ್ನಲಿ. ನಾನು ಬರುತ್ತೇನೆ.

ಇವತ್ತು ಬೆಳಿಗ್ಗೆ ಸರ್, ಬಾಯಮ್ಮ ಶುಕ್ರವಾರದ ಪೂಜೆಗೆ ಇಗರ್ಜಿಗೆ ಹೊರಡುವ ಮೊದಲು ಫ್ಲಾಯ್ಡ್ ಜಾಹೀರಾತಿಗೆ ಹೊಸ ಫೋಟೋ ತೆಗೆಯಲು ಬಂದಿದ್ದ. ನಾನು ಎಲ್ಲ ಕೋಣೆಗಳ ದೀಪ ಹಾಕಿಕೊಟ್ಟೆ, ಬಾಲ್ಕನಿಯ ಪರದೆ ಸರಿಸಿದೆ. ಅಡಿಗೆಮನೆಗೆ ಬಂದಾಗ ಒಲೆಯ ಪಕ್ಕದಲ್ಲಿದ್ದ ನನ್ನ ಸ್ಟೀಲ್ ಲೋಟ ಎತ್ತಿಕೊಂಡು ಹೊರಗೆ ಹೋಗಿ, ಅವನು ತೆಗೆದು ಮುಗಿಸುವವರೆಗೆ ಲಿಫ್ಟಿನ ಹತ್ತಿರ ನಿಂತೆ.