ಹನ್ನೊಂದನೇ ನಂಬರ್ ಯಾರ ಪಾಲಿಗೆ?

...ಸಾರಿ ನೀಲಾ, ಮತ್ತೆ ಮೊದಲಿಂದ ಶುರು ಮಾಡ್ತಿದೀನಿ. ಆಗ್ಲೇ ಎರಡು ವಾಯ್ಸ್ ನೋಟ್ ಡಿಲೀಟ್ ಮಾಡ್ದೆ. ಒಂದ್ರಲ್ಲಿ ನಮ್ಮ ಈ ಕ್ರೇಗಿಬರ್ನ್ ಊರಿನ ಚಳಿ ಬಗ್ಗೆನೇ ಮೂರು ನಿಮಿಷ ಕೊರೆದಿದ್ದೆ, ನೀನು ಬೈತಿದ್ದೆ. ಇವತ್ತು ಮಂಗಳವಾರ ಅಲ್ವಾ, ಪ್ರಾಕ್ಟೀಸ್. ಸ್ಕೂಲ್ ಕಾರ್ ಪಾರ್ಕಲ್ಲಿ ಕೂತಿದೀನಿ.

ದರ್ಶನ್ ಫ್ಲೈಟ್ ಹತ್ತಿದಾನೆ. ಆರು ಗಂಟೆಗೆ ಸಿಡ್ನಿಲಿರ್ತಾನೆ. 'ಮ್ಯಾಚಲ್ಲಿ ತಪ್ಪು ಮಾಡ್ದ, ಬೇಜಾರಲ್ಲಿದಾನೆ, ನಿನ್ ಮಗ ಒಂದ್ ವಾರ ನಿನ್ ಹತ್ರ ಇರ್ಲಿ' ಅಂತ ನಾನು ಮೆಸೇಜ್ ಹಾಕಿದ್ನಲ್ಲ, ಅದು ಸುಳ್ಳು. ಅವನು ಎರಡೂ ಸೂಟ್‌ಕೇಸ್ ತಗೊಂಡು ಬರ್ತಿದಾನೆ. ತಪ್ಪೂ ಅವನದಲ್ಲ.

ಈ ಅಮೆರಿಕನ್ ಫುಟ್‌ಬಾಲ್ ನಿಂಗೆ ತಲೆಗೆ ಹತ್ತಲ್ಲ, ಗೊತ್ತು. ಆದ್ರೂ ಕೇಳು. ನಾನು ಹುಡುಗರಿಗೆ ಕಲಿಸೋದು ಡಿಫೆನ್ಸ್. ಒಬ್ಬೊಬ್ಬನಿಗೆ ಒಂದೊಂದು ಜಾಗ. ಆದ್ರೆ ಬರೀ ಹುಲ್ಲು ಕಾಯ್ಕೊಂಡು ನಿಲ್ಲಂಗಿಲ್ಲ. ಎದುರಿನವನು ಹೆಂಗೆ ಓಡ್ತಾನೆ ಅಂತ ನೋಡ್ಬೇಕು. ನೇರ ಓಡಿದ್ರೆ ಹಿಂದೆ ನಿಂತಿರೋ ದರ್ಶನ್ ಅವನ ಜೊತೆ ಹೋಗ್ಬೇಕು. ಒಳಗೆ ತಿರುಗಿದ್ರೆ ಕೂಗಿ ಹೇಳಿ ನಡುವೆ ಇರೋ ಈಥನ್‌ಗೆ ಒಪ್ಪಿಸ್ಬೇಕು. ಎಲ್ಲರ ತಲೇಲೂ ಒಂದೇ ರೂಲ್ ಇದ್ರೆ ಮಾತ್ರ ಇದು ನಡೆಯೋದು.

ಶನಿವಾರ ಸೆಮಿಫೈನಲ್‌ಗೆ ಹೋಗ್ತಾ ಕಾರಲ್ಲಿ ನಂಗೊಂದು ಐಡಿಯಾ ಬಂತು. ದರ್ಶನ್‌ಗೆ ಕನ್ನಡದಲ್ಲೇ ಹೇಳ್ದೆ, 'ಮಗಾ, ಅವರ ಹನ್ನೊಂದನೇ ನಂಬರ್ ನೇರ ಓಡಿದ್ರೂ ನೀನು ಬಿಟ್ಬಿಡು, ಈಥನ್ ಹೋಗ್ತಾನೆ' ಅಂತ. ಈಥನ್‌ಗೆ ಗ್ರೌಂಡಲ್ಲಿ ಹೇಳೋಣ ಅಂದ್ಕೊಂಡೆ. ಯಾರದೋ ಬೆರಳಿಗೆ ಟೇಪ್ ಸುತ್ತುತ್ತಾ ಮರ್ತೇಬಿಟ್ಟೆ.

ಕೊನೇ ನಿಮಿಷ. ಹನ್ನೊಂದನೇ ನಂಬರ್ ನೇರ ಓಡ್ದ. ದರ್ಶನ್ ಬಿಟ್ಟ. ಈಥನ್ ಹಳೇ ರೂಲ್ ನಂಬ್ಕೊಂಡು ನಿಂತಿದ್ದ. ಆ ಹನ್ನೊಂದನೇ ನಂಬರ್ ಹುಡುಗ ಬಾಲ್ ಹಿಡ್ಕೊಂಡು ಒಬ್ಬನೇ ಓಡಿದ ನೀಲಾ, ಪಾರ್ಕಲ್ಲಿ ಜಾಗಿಂಗ್ ಮಾಡ್ದಂಗೆ. ಸೋತ್ವಿ.

ಹೆಡ್ ಕೋಚ್ ಎಲ್ಲರ ಮುಂದೆ ಕೇಳಿದ್ರು, ಹನ್ನೊಂದನೇ ನಂಬರ್ ಯಾರ ಪಾಲಿಗೆ ಬಂದಿದ್ದ ಅಂತ. ದರ್ಶನ್ ನನ್ ಮುಖ ನೋಡ್ದ. ನಾನು ಕ್ಲಿಪ್‌ಬೋರ್ಡ್ ನೋಡ್ದೆ. ಅವನೇ 'ಮೈನ್, ಕೋಚ್', ನನ್ ಪಾಲಿಗೇ ಅಂದ.

ಸ್ಟೇಟ್ ಟೀಮ್ ಸೆಲೆಕ್ಷನ್‌ಗೆ ಕಳಿಸೋ ಲಿಸ್ಟಿಂದ ಅವನ ಹೆಸರು ಹೊಡೆದಿದಾರೆ. ಲಿಸ್ಟ್ ಇವತ್ತು ಪ್ರಾಕ್ಟೀಸ್ ಆದ್ಮೇಲೆ ಹೋಗುತ್ತೆ. ಇನ್ನೂ ಟೈಮ್ ಇದೆ. ನಾನು ಬಾಯ್ಬಿಟ್ರೆ ಸಾಕು.

ಯಾಕೆ ಬಾಯ್ಬಿಡ್ಲಿಲ್ಲ ಅಂತ ಕೇಳ್ತೀಯ. ಆಫೀಸಲ್ಲಿ ನನ್ ಹೆಸರನ್ನ ಇಪ್ಪತ್ತು ವರ್ಷದಿಂದ ತಪ್ಪಾಗೇ ಕರೀತಾರೆ. ಇಲ್ಲಿ ಮೂವತ್ತು ಹುಡುಗರು 'ಕೋಚ್' ಅಂತಾರೆ. ಅಷ್ಟೇ ಕಾರಣ. ಹೇಳೋಕೂ ನಾಚಿಕೆ ಆಗುತ್ತೆ.

ಇಷ್ಟೇ ನೀಲಾ. ಇಂತಿ ಗಿಂತಿ ಏನೂ ಇಲ್ಲ. ಮರಿಯಪ್ಪ.

ಅಲ್ಲ, ಇರು, ಇನ್ನೊಂದಿದೆ. ಏರ್‌ಪೋರ್ಟ್ ದಾರೀಲಿ, ಯಾವಾಗ್ಲೂ ಇಂಗ್ಲಿಷಲ್ಲೇ ಉತ್ತರ ಕೊಡೋನು ಕನ್ನಡದಲ್ಲಿ ಕೇಳ್ದ, 'ಅಪ್ಪಾ, ನೀನು ಕೋಚ್‌ಗೆ ಹೇಳ್ತೀಯಾ?' ಅಂತ. ನಾನು, 'ಟರ್ಮಿನಲ್ ಯಾವುದೋ?' ಅಂದೆ. ಅವನು ಇಂಗ್ಲಿಷಲ್ಲೇ ಟರ್ಮಿನಲ್ ನಂಬರ್ ಹೇಳ್ದ.

ಅವನು ಇಳಿದ ತಕ್ಷಣ ನೀನೇ ಹೇಳ್ಬಿಡು, ಅಪ್ಪ ಕೋಚ್‌ಗೆ ಹೇಳಿದಾರಂತೆ ಅಂತ... ಬೇಡ. ಬೇಡ, ಹೇಳಿಲ್ಲ ಅಂತಾನೇ ಹೇಳು.

ಅಯ್ಯೋ, ಕೋಚ್ ಕರೀತಿದಾರೆ. ಮುಂದಿನ ಸೀಸನ್‌ಗೆ ಅಂತ ದರ್ಶನ್ ಜಾಗಕ್ಕೆ ಬಂದಿರೋ ಹುಡುಗನಿಗೆ ರೂಲ್ ಹೇಳ್ಕೊಡ್ಬೇಕಂತೆ. ಕಮಿಂಗ್, ಕೋಚ್! ಇಡ್ತೀನಿ.